ಮೈದಾನದ ಮಾತು: ಹದಿಮೂರರ ಹುಡುಗನನ್ನು ನೋಡಿ ಏನು ಹೇಳಬಹುದು?

(ವಾಸ್ಕೋದಲ್ಲಿ ಮಕ್ಕಳಿಗೆ ಫುಟ್‌ಬಾಲ್ ಕಲಿಸುವ ನಮ್ಮ ಅಂಕಣಕಾರರು ಗೋವಾ, ಮುಂಬೈ, ಪುಣೆಯ ಕನ್ನಡಿಗ ಓದುಗರ ಪ್ರಶ್ನೆಗಳಿಗೆ ಉತ್ತರಿಸುತ್ತಾರೆ.)

ಪ್ರಶ್ನೆ: ನಾವು ಬಾಗಲಕೋಟೆ ಕಡೆಯವರು. ಈಗ ಝುವಾರಿನಗರದಲ್ಲಿ ಇದ್ದೇವೆ. ಮಗನಿಗೆ 13 ವರ್ಷ. ಡಿಸೆಂಬರ್ ಕೊನೆಯಲ್ಲಿ ಹುಟ್ಟಿದವನು. ಶಾಲೆಯ ಹುಡುಗರಲ್ಲಿ ಇವನಷ್ಟು ಚೆನ್ನಾಗಿ ಚೆಂಡು ಆಡುವವರು ಇಲ್ಲ ಅಂತ ಪಿ.ಟಿ. ಮಾಸ್ತರರೇ ಹೇಳುತ್ತಾರೆ. ಆದರೆ ಹುಡುಗರನ್ನು ಆರಿಸುವ ಟ್ರಯಲ್ಸ್‌ಗೆ ಕರೆದುಕೊಂಡು ಹೋದರೆ ಸ್ವಲ್ಪ ಹೊತ್ತು ಆಡಿಸಿ, 'ಮೈಕಟ್ಟು ಸಾಲದು' ಅಂತ ವಾಪಸ್ ಕಳಿಸಿದರು. ಬೆಳೆಯುವ ಸಿರಿ ಮೊಳಕೆಯಲ್ಲೇ ಕಾಣುತ್ತದೆ ಅನ್ನುತ್ತಾರಲ್ಲ. ಮೊಬೈಲ್‌ನಲ್ಲಿ ತೆಗೆದ ವಿಡಿಯೋ ಕಳಿಸಿದ್ದೇನೆ. ಇವನು ಮುಂದೆ ಇಂಡಿಯಾ ತಂಡಕ್ಕೆ ಆಡುತ್ತಾನಾ? ನೋಡಿ ಹೇಳಿ ಸರ್.

ಉತ್ತರ: ವಿಡಿಯೋ ಪೂರ್ತಿ ನೋಡಿದೆ. ನಿಮ್ಮ ಮಗ ಇಂಡಿಯಾಕ್ಕೆ ಆಡುತ್ತಾನೋ ಇಲ್ಲವೋ ಅಂತ ಹೇಳಲು ನನಗೆ ಆಗುವುದಿಲ್ಲ. ಈ ವಯಸ್ಸಿನಲ್ಲಿ ಯಾರಿಗೂ ಆಗುವುದಿಲ್ಲ. ನಿಮ್ಮ ಊರಲ್ಲಿ ಜೋಳದ ಮೊಳಕೆ ನೋಡಿ ಈ ಸಲ ಇಷ್ಟೇ ಚೀಲ ಬರುತ್ತದೆ ಅಂತ ಯಾರಾದರೂ ಬರೆದು ಕೊಡುತ್ತಾರಾ? ಮಳೆ ಇದೆ, ಹುಳ ಇದೆ, ನಡುವೆ ಎಷ್ಟೋ ಇದೆ. ಆದರೆ ಒಂದು ಮಾತು ಖಂಡಿತವಾಗಿ ಹೇಳುತ್ತೇನೆ. ಅವನನ್ನು ವಾಪಸ್ ಕಳಿಸಲು ಕೊಟ್ಟ ಕಾರಣ ಸರಿಯಲ್ಲ.

ವಯಸ್ಸಿನ ತಂಡಗಳಲ್ಲಿ ಲೆಕ್ಕ ಜನವರಿ 1ರಿಂದ ಶುರು. ಒಂದೇ ವರ್ಷದ ಜನವರಿಯಲ್ಲಿ ಹುಟ್ಟಿದವನೂ ಡಿಸೆಂಬರ್‌ನಲ್ಲಿ ಹುಟ್ಟಿದವನೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಇಬ್ಬರ ನಡುವೆ ಹೆಚ್ಚುಕಡಿಮೆ ಒಂದು ವರ್ಷದ ಅಂತರ. ಮೂವತ್ತರ ವಯಸ್ಸಿನಲ್ಲಿ ಅದು ಲೆಕ್ಕಕ್ಕೇ ಬರುವುದಿಲ್ಲ. ಹದಿಮೂರರಲ್ಲಿ ಅದು ಅರ್ಧ ಅಡಿ ಎತ್ತರ ಆಗಬಹುದು. ಲೋಕದ ಯಾವ ದೇಶದ ಕಿರಿಯರ ತಂಡದ ಪಟ್ಟಿ ತೆಗೆದರೂ ಸಾಮಾನ್ಯವಾಗಿ ವರ್ಷದ ಮೊದಲ ಮೂರು ತಿಂಗಳಲ್ಲಿ ಹುಟ್ಟಿದವರೇ ಜಾಸ್ತಿ ಇರುತ್ತಾರೆ, ಕೊನೆಯ ಮೂರು ತಿಂಗಳವರು ಕಡಿಮೆ. ಡಿಸೆಂಬರ್ ಮಕ್ಕಳಿಗೆ ಆಟ ಬರುವುದಿಲ್ಲ ಅಂತಲ್ಲ. ಆರಿಸುವವರ ಕಣ್ಣು ಎತ್ತರದ ಹುಡುಗನ ಮೇಲೆ ಮೊದಲು ಬೀಳುತ್ತದೆ. ಆರಿಸಿಕೊಂಡ ಹುಡುಗನಿಗೆ ಒಳ್ಳೆ ಕೋಚ್, ಒಳ್ಳೆ ಮೈದಾನ, ಜಾಸ್ತಿ ಪಂದ್ಯ ಸಿಗುತ್ತವೆ. ಎರಡು ವರ್ಷ ಕಳೆದ ಮೇಲೆ ಅವನು ನಿಜವಾಗಿಯೂ ಚೆನ್ನಾಗಿ ಆಡುತ್ತಿರುತ್ತಾನೆ. ಆಗ ಎಲ್ಲರೂ, ನೋಡಿ, ನಾವು ಸರಿಯಾಗಿಯೇ ಆರಿಸಿದ್ದೆವು ಅನ್ನುತ್ತಾರೆ. ಕೈಬಿಟ್ಟ ಹುಡುಗ ಅಷ್ಟರಲ್ಲಿ ಬೂಟು ಮೂಲೆಗೆ ಎಸೆದಿರುತ್ತಾನೆ. ಇದನ್ನು ಕಂಡಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಇದರ ಮೇಲೆ ಮೈ ಬೆಳೆಯುವ ವೇಗವೂ ಒಬ್ಬೊಬ್ಬರಿಗೆ ಒಂದೊಂದು. ಹುಡುಗರು ಸರ್ರನೆ ಎತ್ತರ ಬೆಳೆಯುವುದು ಸುಮಾರು 13, 14ರಲ್ಲಿ. ಕೆಲವರಿಗೆ 12ಕ್ಕೇ ಶುರು, ಕೆಲವರಿಗೆ 15 ದಾಟಿದ ಮೇಲೆ. ಹಾಗಾಗಿ ಒಂದೇ ತಂಡದಲ್ಲಿ ಒಬ್ಬನಿಗೆ ಮೀಸೆ ಚಿಗುರಿರುತ್ತದೆ, ಇನ್ನೊಬ್ಬನ ದನಿಯೂ ಒಡೆದಿರುವುದಿಲ್ಲ. ಇಂಗ್ಲೆಂಡ್‌ನ ಪ್ರೀಮಿಯರ್ ಲೀಗ್ ಕ್ಲಬ್‌ಗಳು ಸುಮಾರು 2015ರಿಂದ ಒಂದು ಪ್ರಯೋಗ ಮಾಡುತ್ತಿವೆ. ಹುಟ್ಟಿದ ತಾರೀಕು ಬಿಟ್ಟು, ಮೈ ಎಷ್ಟು ಬೆಳೆದಿದೆ ಅನ್ನುವುದನ್ನು ನೋಡಿ ಮಕ್ಕಳನ್ನು ಗುಂಪು ಮಾಡಿ ಕೆಲವು ಪಂದ್ಯ ಆಡಿಸುತ್ತಾರೆ. ಬೇಗ ಬೆಳೆದ ಹುಡುಗ ಅಲ್ಲಿ ಬರೀ ಶಕ್ತಿಯಿಂದ ಗೆಲ್ಲಲು ಆಗುವುದಿಲ್ಲ, ತಲೆ ಓಡಿಸಬೇಕಾಗುತ್ತದೆ. ಸಣ್ಣ ಹುಡುಗನಿಗೆ ತನ್ನ ಆಟ ತೋರಿಸಲು ಜಾಗ ಸಿಗುತ್ತದೆ. ನಮ್ಮ ಟ್ರಯಲ್ಸ್‌ಗಳಲ್ಲೂ ಇದನ್ನು ಮಾಡಬಹುದು, ಖರ್ಚೇನೂ ಇಲ್ಲ.

ಈಗ ನಿಮ್ಮ ಮಗನ ಆಟಕ್ಕೆ ಬರುತ್ತೇನೆ. ಅವನು ಹೊಡೆದ ಎರಡು ಗೋಲು ತೋರಿಸಲು ನೀವು ವಿಡಿಯೋ ಕಳಿಸಿದ್ದೀರಿ. ನನಗೆ ಹಿಡಿಸಿದ್ದು ಅದಕ್ಕಿಂತ ಮುಂಚಿನ ಒಂದು ಕ್ಷಣ. ಅವನು ಮೈದಾನದ ನಡುವೆ ನಿಂತಿದ್ದಾನೆ. ಚೆಂಡು ಇನ್ನೂ ಡಿಫೆಂಡರ್ ಕಾಲಲ್ಲೇ ಇದೆ. ಇವನು ಎಡಕ್ಕೆ ಒಮ್ಮೆ ನೋಡಿದ. ಬಲಭುಜದ ಮೇಲಿಂದ ಹಿಂದಕ್ಕೆ ಒಮ್ಮೆ ನೋಡಿದ. ಮೈಯನ್ನು ಅರ್ಧ ತಿರುಗಿಸಿಕೊಂಡ. ಚೆಂಡು ಬಂದಾಗ ಹತ್ತಿರದ ಕಾಲಲ್ಲಿ ತಡೆಯಲಿಲ್ಲ, ಮೈ ಮುಂದೆ ಹಾಯಲು ಬಿಟ್ಟು ಆಚೆ ಕಾಲಲ್ಲಿ ತೆಗೆದುಕೊಂಡ. ಹಿಂದಿನಿಂದ ಓಡಿಬಂದ ದೊಡ್ಡ ಹುಡುಗ ಗಾಳಿಗೆ ಒದ್ದ. ಇವನು ಐದಾರು ಮೀಟರ್ ಪಾಸ್ ಕೊಟ್ಟು ಸುಮ್ನೆ ಮುಂದೆ ನಡೆದ. ಗಡಿಗೆರೆಯ ಹತ್ತಿರ ಯಾರೂ ಚಪ್ಪಾಳೆ ತಟ್ಟಲಿಲ್ಲ, ನಿಮ್ಮ ಮೊಬೈಲ್ ಕೂಡ ಅಷ್ಟರಲ್ಲಿ ಬೇರೆ ಕಡೆ ತಿರುಗಿತು. ನಾನು ಅದನ್ನು ನಾಲ್ಕು ಸಲ ಹಿಂದಕ್ಕೆ ಎಳೆದು ನೋಡಿದೆ.

ಚೆಂಡು ಬರುವ ಮುಂಚೆ ಸುತ್ತ ನೋಡುವ ಈ ಅಭ್ಯಾಸದ ಬಗ್ಗೆ ನಾರ್ವೆಯ ಗೈರ್ ಯೋರ್ಡೆಟ್ ಅನ್ನುವ ಪ್ರೊಫೆಸರ್ ಬಹಳ ಕೆಲಸ ಮಾಡಿದ್ದಾರೆ. ದೊಡ್ಡ ಲೀಗ್ ಆಟಗಾರರ ವಿಡಿಯೋ ನೋಡಿ, ಯಾರು ಎಷ್ಟು ಸಲ ತಲೆ ತಿರುಗಿಸುತ್ತಾರೆ ಅಂತ ಎಣಿಸಿದರು. ಜಾಸ್ತಿ ನೋಡುವವರ ಪಾಸ್ ಜಾಸ್ತಿ ಸರಿಯಾಗಿ ತಲುಪುತ್ತದೆ ಅಂತ ಕಂಡರು. ಬಾರ್ಸಿಲೋನಾ ಕ್ಲಬ್‌ಗೆ ಆಡುತ್ತಿದ್ದ ಷಾವಿ ಇದರಲ್ಲಿ ಎಲ್ಲರಿಗಿಂತ ಮುಂದೆ ಇದ್ದರು. ಷಾವಿ ಎತ್ತರದ ಆಳಲ್ಲ ಅನ್ನುವುದನ್ನೂ ನೆನಪಿಡಿ.

ನಾನು ಮಕ್ಕಳಲ್ಲಿ ನೋಡುವುದು ಇಂಥದ್ದನ್ನೇ. ಚೆಂಡು ಕಳೆದುಕೊಂಡ ಕೂಡಲೇ ಏನು ಮಾಡುತ್ತಾನೆ? ಸೊಂಟದ ಮೇಲೆ ಕೈ ಇಟ್ಟು ನಿಲ್ಲುತ್ತಾನಾ, ಚೆಂಡಿನ ಬೆನ್ನು ಹತ್ತುತ್ತಾನಾ? ಒಂದು ತಪ್ಪು ಮಾಡಿದ ಮೇಲೆ ಮತ್ತೆ ಚೆಂಡು ಕೇಳುತ್ತಾನಾ, ಮರೆಯಲ್ಲಿ ನಿಲ್ಲುತ್ತಾನಾ? ಹೇಳಿಕೊಟ್ಟದ್ದನ್ನು ಮುಂದಿನ ವಾರ ಮಾಡಿ ತೋರಿಸುತ್ತಾನಾ? ಓಟ, ಎತ್ತರ, ಶಾಟ್‌ನ ಬಲ ಇವೆಲ್ಲ ಮೈಯ ಜೊತೆ ಬದಲಾಗುತ್ತವೆ. ಈ ಗುಣಗಳು ಅಷ್ಟು ಬದಲಾಗುವುದಿಲ್ಲ. ಇವು ಇದ್ದರೆ ಇಂಡಿಯಾ ಜರ್ಸಿ ಗ್ಯಾರಂಟಿ ಅಂತಲ್ಲ, ಅವನ ಮೇಲೆ ಸಮಯ ಹಾಕಿದರೆ ದಂಡವಾಗುವುದಿಲ್ಲ ಅಂತ ಅರ್ಥ.

ಮನೆಯ ಗೋಡೆಯ ಮೇಲೆ ಮೂರು ತಿಂಗಳಿಗೊಮ್ಮೆ ಅವನ ಎತ್ತರದ ಗೆರೆ ಎಳೆಯಿರಿ, ಪಕ್ಕದಲ್ಲಿ ತಾರೀಕು ಬರೆಯಿರಿ. ಗೆರೆಗಳ ಅಂತರ ಒಮ್ಮೆಲೇ ಜಾಸ್ತಿ ಆದಾಗ ಆಟ ಸ್ವಲ್ಪ ಕೆಡುತ್ತದೆ. ಕಾಲು ಉದ್ದ ಆಗಿರುತ್ತದೆ, ಅಳತೆ ತಪ್ಪುತ್ತದೆ, ಎಡವುತ್ತಾನೆ. ಮೊಣಕಾಲ ಚಿಪ್ಪಿನ ಕೆಳಗೆ ನೋವು ಅನ್ನಬಹುದು. ಆಗ ಬೈಯಬೇಡಿ. ಓಟ ಕಡಿಮೆ ಮಾಡಿಸಿ, ನೋವು ಹೋಗದಿದ್ದರೆ ಡಾಕ್ಟರಿಗೆ ತೋರಿಸಿ. ಮೈ ಸರಿ ಇದ್ದಾಗ, ಸುಗ್ಗಿ ಮುಗಿದ ಗದ್ದೆಗಳಲ್ಲಿ ಸಂಜೆ ದೊಡ್ಡವರು ಆಡುತ್ತಾರಲ್ಲ, ಅವರ ಜೊತೆ ಆಡಲು ಬಿಡಿ. ಗುದ್ದಾಟದಲ್ಲಿ ಗೆಲ್ಲಲಾಗದ ಹುಡುಗ ಬೇಗ ಯೋಚಿಸಲು ಅಲ್ಲೇ ಕಲಿಯುತ್ತಾನೆ. ಮುಂದಿನ ವರ್ಷ ಮತ್ತೆ ಟ್ರಯಲ್ಸ್‌ಗೆ ಕರೆದುಕೊಂಡು ಹೋಗಿ. ಅದರ ಮುಂದಿನ ವರ್ಷವೂ.

ಪ್ರಶ್ನೆ: ನಾನು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಕಾಲೇಜು ಓದುತ್ತಿದ್ದೇನೆ. 17 ವರ್ಷದೊಳಗಿನವರ ವಿಶ್ವಕಪ್ ನೋಡಿ, ಮುಂದೆ ಯಾರು ದೇಶದ ಹಿರಿಯರ ತಂಡಕ್ಕೆ ಬರುತ್ತಾರೆ ಅಂತ ನಾವು ಗೆಳೆಯರು ಪಟ್ಟಿ ಮಾಡುತ್ತೇವೆ. ಹದಿನೇಳಕ್ಕಾದರೂ ಗೊತ್ತಾಗಬೇಕಲ್ವಾ ಸರ್?

ಉತ್ತರ: ಹದಿಮೂರಕ್ಕಿಂತ ಚೆನ್ನಾಗಿ ಗೊತ್ತಾಗುತ್ತದೆ. ಆದರೂ ನೀವು ಅಂದುಕೊಂಡಷ್ಟಲ್ಲ. 2017ರ ಅಕ್ಟೋಬರ್ 21ರಂದು ನಮ್ಮ ಫಾತೋರ್ಡಾ ಸ್ಟೇಡಿಯಂನಲ್ಲಿ ಆ ವಿಶ್ವಕಪ್‌ನ ಇಂಗ್ಲೆಂಡ್ ಮತ್ತು ಅಮೆರಿಕದ ಕ್ವಾರ್ಟರ್ ಫೈನಲ್ ನಡೆಯಿತು. ನಾನು ಸ್ಟ್ಯಾಂಡಿನಲ್ಲಿದ್ದೆ. ಇಂಗ್ಲೆಂಡ್ 4-1ರಿಂದ ಗೆದ್ದಿತು. ರಿಯಾನ್ ಬ್ರೂಸ್ಟರ್ ಮೊದಲ ಕಾಲು ಗಂಟೆಯೊಳಗೆ ಎರಡು ಗೋಲು ಹೊಡೆದ, ಕೊನೆಗೆ ಪೆನಾಲ್ಟಿಯಲ್ಲಿ ಹ್ಯಾಟ್ರಿಕ್ ಮುಗಿಸಿದ. ಇಡೀ ಟೂರ್ನಿಯಲ್ಲಿ 8 ಗೋಲು, ಎಲ್ಲರಿಗಿಂತ ಜಾಸ್ತಿ ಗೋಲು ಹೊಡೆದವನಿಗೆ ಕೊಡುವ ಚಿನ್ನದ ಬೂಟು ಅವನಿಗೇ. ಆ ರಾತ್ರಿ ಸ್ಟ್ಯಾಂಡಿನಲ್ಲಿ ಯಾರನ್ನು ಕೇಳಿದ್ದರೂ ಇಂಗ್ಲೆಂಡಿನ ಮುಂದಿನ ಸ್ಟ್ರೈಕರ್ ಇವನೇ ಅನ್ನುತ್ತಿದ್ದರು. ಮುಂದಿನ ಜನವರಿಯಲ್ಲೇ ಅವನಿಗೆ ದೊಡ್ಡ ಗಾಯವಾಯಿತು, ಒಂದು ವರ್ಷಕ್ಕೂ ಜಾಸ್ತಿ ಆಟ ಇಲ್ಲ. ಹಿರಿಯರ ತಂಡದ ಜರ್ಸಿ ಅವನಿಗೆ ಸಿಗಲಿಲ್ಲ. ಅದೇ ತಂಡದ ಫಿಲ್ ಫೋಡೆನ್, ಮಾರ್ಕ್ ಗುಯೇಹಿ, ಕಾನರ್ ಗ್ಯಾಲಗರ್, ಗಿಬ್ಸ್-ವೈಟ್ ಹಿರಿಯರ ತಂಡಕ್ಕೆ ಹೋದರು. ಸೋತ ಅಮೆರಿಕದ ಕಡೆಯೂ ನೋಡಿ. ಟಿಮ್ ವೀಹ್, ಜೋಶ್ ಸಾರ್ಜೆಂಟ್, ಸರ್ಜಿನೋ ಡೆಸ್ಟ್ ಆ ತಂಡದಲ್ಲಿದ್ದವರು. ಮೂವರೂ 2022ರ ಕತಾರ್ ವಿಶ್ವಕಪ್‌ನಲ್ಲಿ ಆಡಿದರು. ವೇಲ್ಸ್ ಮೇಲೆ ವೀಹ್ ಗೋಲನ್ನೂ ಹೊಡೆದ.

ಈ ಟೂರ್ನಿಯ ಅತ್ಯುತ್ತಮ ಆಟಗಾರನಿಗೆ ಕೊಡುವ ಚಿನ್ನದ ಚೆಂಡು ಗೆದ್ದವರನ್ನೇ ನೋಡಿ. 2007ರಲ್ಲಿ ಜರ್ಮನಿಯ ಟೋನಿ ಕ್ರೂಸ್, ಏಳು ವರ್ಷಕ್ಕೆ ಅವರು ವಿಶ್ವಕಪ್ಪನ್ನೇ ಎತ್ತಿದರು. 2009ರಲ್ಲಿ ನೈಜೀರಿಯಾದ ಸಾನಿ ಇಮ್ಯಾನುಯೆಲ್, 2011ರಲ್ಲಿ ಮೆಕ್ಸಿಕೋದ ಹೂಲಿಯೋ ಗೋಮೆಜ್. ಗೋಮೆಜ್ ಸೆಮಿಫೈನಲ್‌ನಲ್ಲಿ ತಲೆಗೆ ಬ್ಯಾಂಡೇಜ್ ಸುತ್ತಿಕೊಂಡು ಜರ್ಮನಿ ಮೇಲೆ ಬೈಸಿಕಲ್ ಕಿಕ್ ಹೊಡೆದದ್ದು ಇವತ್ತಿಗೂ ಮೈ ಜುಮ್ ಅನ್ನಿಸುತ್ತದೆ. ಇಬ್ಬರೂ ಹಿರಿಯರ ಮಟ್ಟದಲ್ಲಿ ಮೇಲೆ ಬರಲಿಲ್ಲ. ಅಮೆರಿಕದ ಫ್ರೆಡ್ಡಿ ಅಡು 14ನೇ ವಯಸ್ಸಿಗೇ, 2004ರಲ್ಲಿ, ದೊಡ್ಡವರ ಲೀಗ್‌ನಲ್ಲಿ ಆಡಿದ. ಪೆಲೆಗೆ ಹೋಲಿಸಿದರು. ದೇಶಕ್ಕೆ ಆಡಿದ್ದು 17 ಪಂದ್ಯ ಮಾತ್ರ.

ಅಮೆರಿಕದ ಒಂದು ಜೋಡಿ ನನಗೆ ಬಹಳ ಇಷ್ಟ. ಅಲ್ಲಿನ ಪುರುಷರ ತಂಡಕ್ಕೆ ಅತಿ ಹೆಚ್ಚು ಗೋಲು ಹೊಡೆದವರು ಇಬ್ಬರು, ಇಬ್ಬರದೂ 57. ಒಬ್ಬರು ಲ್ಯಾಂಡನ್ ಡೊನೊವನ್. 1999ರ ಕಿರಿಯರ ವಿಶ್ವಕಪ್‌ನಲ್ಲಿ ಚಿನ್ನದ ಚೆಂಡು ಗೆದ್ದವರು, ಎಲ್ಲರ ಪಟ್ಟಿಯಲ್ಲೂ ಮೊದಲ ಹೆಸರು. ಇನ್ನೊಬ್ಬರು ಕ್ಲಿಂಟ್ ಡೆಂಪ್ಸಿ. ಟೆಕ್ಸಾಸ್‌ನ ಸಣ್ಣ ಊರಿನವರು. ಆ ಕಿರಿಯರ ತಂಡದಲ್ಲಿ ಇರಲೇ ಇಲ್ಲ. ಕಾಲೇಜು ತಂಡದಲ್ಲಿ ಆಡಿ ಮೇಲೆ ಬಂದರು. ಡೊನೊವನ್‌ರನ್ನು ಗುರುತಿಸಿದ್ದು ಸರಿಯಾಗಿತ್ತು. ಡೆಂಪ್ಸಿ ಬಂದದ್ದು ಬಾಗಿಲು ಇನ್ನೂ ತೆರೆದಿತ್ತು ಅನ್ನುವ ಕಾರಣಕ್ಕೆ. ನಮ್ಮಲ್ಲಿ ಆ ಬಾಗಿಲು ಹದಿನಾರಕ್ಕೇ ಮುಚ್ಚಿಹೋಗುತ್ತದೆ. ನನ್ನ ತಕರಾರು ಇರುವುದು ಅಲ್ಲಿ.

ನಮ್ಮ 2017ರ ತಂಡಕ್ಕೆ ಬನ್ನಿ. 21 ಹುಡುಗರು. ಕೊಲಂಬಿಯಾ ಮೇಲೆ ಜೀಕ್ಸನ್ ಸಿಂಗ್ ತಲೆಯಿಂದ ಹೊಡೆದದ್ದು ಫಿಫಾ ವಿಶ್ವಕಪ್‌ಗಳಲ್ಲಿ ಇಂಡಿಯಾದ ಮೊದಲ ಗೋಲು. ಜೀಕ್ಸನ್, ಸುರೇಶ್ ವಾಂಗ್ಜಮ್, ಅಪುಯಾ, ಅನ್ವರ್ ಅಲಿ ಹಿರಿಯರ ತಂಡದಲ್ಲಿ ಗಟ್ಟಿಯಾಗಿ ನಿಂತರು. ಇನ್ನು ಕೆಲವರು ಬಂದು ಹೋದರು. ಅನ್ವರ್ ಅವರದ್ದು ಯಾವ ಪಟ್ಟಿಗೂ ಸಿಗದ ಕಥೆ. 2019ರಲ್ಲಿ ಹೃದಯದ ತೊಂದರೆ ಪತ್ತೆಯಾಯಿತು, ಆಡಬೇಡ ಅಂದರು. ವಿಷಯ ದೆಹಲಿ ಹೈಕೋರ್ಟ್‌ವರೆಗೂ ಹೋಯಿತು. ಅವರು ಆಟಕ್ಕೆ ಮರಳಿ, ನಮ್ಮ ಎಫ್‌ಸಿ ಗೋವಾದಲ್ಲಿ ಆಡಿ, 2022ರಲ್ಲಿ ಹಿರಿಯರ ತಂಡಕ್ಕೆ ಬಂದರು.

ಆ ವರ್ಷದ ತಂಡಕ್ಕೆ 2000ದ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರಿಗೆ ಮಾತ್ರ ಅವಕಾಶ. ಇಲ್ಲೇ ಗೋವಾದ ದಾವೊರ್ಲಿಯ ಆಟಗಾರ ಲಿಸ್ಟನ್ ಕೊಲಾಸೊ ಹುಟ್ಟಿದ್ದು 1998ರಲ್ಲಿ. ತನ್ನ ಮನೆಗೆ ಹತ್ತಿರದ ಫಾತೋರ್ಡಾದಲ್ಲೇ ವಿಶ್ವಕಪ್ ನಡೆದರೂ ವಯಸ್ಸು ಮೀರಿತ್ತು. ಆದರೂ ಇಂಡಿಯಾಕ್ಕೆ ಆಡಿದರು. ಈಗ 2025ರಿಂದ ಈ ಟೂರ್ನಿ ಪ್ರತಿ ವರ್ಷ ನಡೆಯುತ್ತಿದೆ, 48 ತಂಡಗಳು. ಹುಟ್ಟಿದ ವರ್ಷದ ಅದೃಷ್ಟದಾಟ ಇದರಿಂದ ಸ್ವಲ್ಪ ಕಡಿಮೆಯಾಗುತ್ತದೆ. ಒಳ್ಳೆಯದೇ.

ಮತ್ತೆ ನಿಮ್ಮ ಮುಂಬೈನವರೇ ಇದ್ದಾರಲ್ಲ, ಡಿಫೆಂಡರ್ ರಾಹುಲ್ ಭೇಕೆ. ಮೊದಲ ಸಲ ಇಂಡಿಯಾಕ್ಕೆ ಆಡಿದಾಗ 28 ವರ್ಷ. ಅದು 2019ರ ಜೂನ್, ಥಾಯ್ಲೆಂಡ್‌ನ ಕಿಂಗ್ಸ್ ಕಪ್. ಅವರೂ ಡಿಸೆಂಬರ್‌ನಲ್ಲಿ ಹುಟ್ಟಿದವರು, ಝುವಾರಿನಗರದ ತಂದೆ ಇದನ್ನು ಓದಲಿ. ಅದೇ ಟೂರ್ನಿಯಲ್ಲಿ ನಮ್ಮ ಮಡಗಾಂವ್‌ನ ಬ್ರೆಂಡನ್ ಫರ್ನಾಂಡಿಸ್ ಕೂಡ ಮೊದಲು ಆಡಿದ್ದು, 24ರಲ್ಲಿ. ಹದಿವಯಸ್ಸಲ್ಲೇ ದಕ್ಷಿಣ ಆಫ್ರಿಕಾದ ಅಕಾಡೆಮಿಗೆ ಹೋದ ಹುಡುಗ ಆತ, ಎಲ್ಲರೂ ಬೇಗ ಬರುತ್ತಾನೆ ಅಂದುಕೊಂಡಿದ್ದರು. ಗಾಯಗಳ ಕಾಟ ಬಿಡಲಿಲ್ಲ.

ನೀವು ಪಟ್ಟಿ ಮಾಡುವುದನ್ನು ನಿಲ್ಲಿಸಬೇಡಿ. ಅದರಲ್ಲಿ ಎರಡು ಸಾಲು ಸೇರಿಸಿ ಅಷ್ಟೆ. ಆ ಹುಡುಗ ಹದಿನೆಂಟರಿಂದ ಇಪ್ಪತ್ತೊಂದರವರೆಗೆ ಯಾವ ಕ್ಲಬ್‌ನಲ್ಲಿ, ವರ್ಷಕ್ಕೆ ಎಷ್ಟು ನಿಮಿಷ ನಿಜವಾಗಿ ಆಡಿದ? ಅವನ ಜಾಗದಲ್ಲಿ ಆ ಕ್ಲಬ್ ವಿದೇಶಿ ಆಟಗಾರನನ್ನು ತಂದಿತಾ? ಇಂಡಿಯಾದಲ್ಲಿ ಸ್ಟ್ರೈಕರ್‌ಗಳು ಯಾಕೆ ಹುಟ್ಟುವುದಿಲ್ಲ ಅಂತ ಎಲ್ಲರೂ ಕೇಳುತ್ತಾರೆ. ಹುಟ್ಟುತ್ತಾರೆ. ಬೆಂಚಿನ ಮೇಲೆ ಕೂರುತ್ತಾರೆ. ಕಿರಿಯರ ಟೂರ್ನಿಯ ಗೋಲುಗಳಿಗಿಂತ ಆ ನಿಮಿಷಗಳ ಲೆಕ್ಕ ನಿಮಗೆ ಜಾಸ್ತಿ ಹೇಳುತ್ತದೆ.

ಪ್ರಶ್ನೆ: ಪುಣೆಯ ಪಿಂಪ್ರಿಯಿಂದ ಬರೆಯುತ್ತಿದ್ದೇನೆ. ಒಬ್ಬರು ಮನೆಗೆ ಬಂದು, ದುಡ್ಡು ಕಟ್ಟಿದರೆ ಮಗನನ್ನು ನ್ಯಾಷನಲ್ ಕ್ಯಾಂಪ್‌ಗೆ ಸೇರಿಸುತ್ತೇನೆ ಅನ್ನುತ್ತಿದ್ದಾರೆ. ಕಂಪ್ಯೂಟರ್‌ನಲ್ಲಿ ಅವನ ಆಟ ಹಾಕಿ, ಇಷ್ಟು ಪರ್ಸೆಂಟ್ ಚಾನ್ಸ್ ಇದೆ ಅಂತ ಕಾಗದವನ್ನೂ ತೋರಿಸಿದರು. ಕಟ್ಟಬಹುದಾ?

ಉತ್ತರ: ಬೇಡ. ಒಂದು ಪೈಸೆಯೂ ಕಟ್ಟಬೇಡಿ. ದೇಶದ ತಂಡದ ಕ್ಯಾಂಪ್‌ಗೆ ಕೋಚ್ ಕರೆಯುತ್ತಾರೆ, ಅದಕ್ಕೆ ಫೀಸ್ ಇಲ್ಲ. ಆ ಪರ್ಸೆಂಟ್ ಕಾಗದ ಹರಿದು ಹಾಕಿ. ಯಾವುದೇ ಅಕಾಡೆಮಿಗೆ ಸೇರಿಸುವ ಮುಂಚೆ ದೇಶದ ಫುಟ್‌ಬಾಲ್ ಸಂಸ್ಥೆ ಎಐಎಫ್‌ಎಫ್‌ನ ಮಾನ್ಯತೆ ಇದೆಯಾ ಕೇಳಿ, ಹುಡುಗನ ಹೆಸರು ಅವರ ನೋಂದಣಿಯಲ್ಲಿ ಬರುತ್ತದಾ ಕೇಳಿ, ವರ್ಷಕ್ಕೆ ಎಷ್ಟು ಲೀಗ್ ಪಂದ್ಯ ಆಡಿಸುತ್ತಾರೆ ಕೇಳಿ. ಒಂದು ಸಂಜೆ ಹೋಗಿ ಗಡಿಗೆರೆಯ ಹತ್ತಿರ ಸುಮ್ನೆ ನಿಂತು ನೋಡಿ. ಮಕ್ಕಳ ಕಾಲಿಗೆ ಚೆಂಡು ಸಿಗುತ್ತಿದೆಯಾ, ಸಾಲಲ್ಲಿ ನಿಂತು ಕಾಯುತ್ತಿದ್ದಾರಾ? ಅಷ್ಟರಲ್ಲೇ ಅರ್ಧ ವಿಷಯ ತಿಳಿಯುತ್ತದೆ. ದುಡ್ಡಿನ ತೊಂದರೆ ಇದ್ದರೆ, ನವಿ ಮುಂಬೈನಲ್ಲಿ ರಿಲಯನ್ಸ್ ಫೌಂಡೇಶನ್ ಯಂಗ್ ಚಾಂಪ್ಸ್ ಇದೆ. ಆಯ್ಕೆಯಾದ ಮಕ್ಕಳಿಗೆ ಊಟ, ವಸತಿ, ಓದು ಎಲ್ಲಕ್ಕೂ ಸ್ಕಾಲರ್‌ಶಿಪ್. ಅದರ ಟ್ರಯಲ್ಸ್ ಯಾವಾಗ ಅಂತ ವಿಚಾರಿಸುತ್ತಿರಿ.

ಪ್ರಶ್ನೆ: ನಾನು ಧಾರವಾಡದವನು. ಹೆಂಡತಿ ಗೋವಾದ ಸಾಲ್ಸೆಟ್‌ನವಳು. ಅವಳ ಮನೆಯವರೆಲ್ಲ ಪೋರ್ಚುಗೀಸ್ ಪಾಸ್‌ಪೋರ್ಟ್ ಮಾಡಿಸಿಕೊಂಡಿದ್ದಾರೆ. ನಮ್ಮ ಮಗನಿಗೂ ಮಾಡಿಸಿ ಅನ್ನುತ್ತಾರೆ. ಅವನು 15 ವರ್ಷದೊಳಗಿನ ತಂಡದಲ್ಲಿ ಆಡುತ್ತಾನೆ. ಇಂಡಿಯಾಕ್ಕೆ ಆಡುವ ಕನಸಿದೆ. ಏನು ಮಾಡಲಿ?

ಉತ್ತರ: 1961ರವರೆಗೆ ಗೋವಾ ಪೋರ್ಚುಗೀಸರ ಕೈಯಲ್ಲಿತ್ತು. ಆಗ ಇಲ್ಲಿ ಹುಟ್ಟಿದವರಿಗೆ, ಅವರ ಮಕ್ಕಳು ಮೊಮ್ಮಕ್ಕಳಿಗೆ ಆ ಪಾಸ್‌ಪೋರ್ಟ್ ಪಡೆಯುವ ದಾರಿ ಇದೆ. ಆದರೆ ನಮ್ಮ ದೇಶ ಎರಡು ಪೌರತ್ವ ಒಪ್ಪುವುದಿಲ್ಲ. ಅದನ್ನು ತೆಗೆದುಕೊಂಡರೆ ಇಂಡಿಯಾದ ಪಾಸ್‌ಪೋರ್ಟ್ ಹೋಗುತ್ತದೆ. ಇಂಡಿಯಾದ ಪಾಸ್‌ಪೋರ್ಟ್ ಇಲ್ಲದವರು ಇಂಡಿಯಾ ತಂಡಕ್ಕೆ ಆಡುವಂತಿಲ್ಲ. ಬೇರೆ ದೇಶದ ಪೌರರಾದ ಭಾರತ ಮೂಲದವರಿಗೆ ಕೊಡುವ ಓಸಿಐ ಕಾರ್ಡ್ ಇದ್ದರೂ ಆಗುವುದಿಲ್ಲ.

ಮರಳಿ ಬರುವ ದಾರಿ ಇಲ್ಲ ಅಂತಲ್ಲ, ಉದ್ದವಾದ ದಾರಿ. ಜಪಾನಿನಲ್ಲಿ ಹುಟ್ಟಿ ಪುಣೆ ಎಫ್‌ಸಿಯಲ್ಲಿ ಆಡಿದ ಅರಾಟಾ ಇಝುಮಿ ಜಪಾನ್ ಪೌರತ್ವ ಬಿಟ್ಟು 2013ರಲ್ಲಿ ಇಂಡಿಯಾಕ್ಕೆ ಆಡಿದರು. ಆಸ್ಟ್ರೇಲಿಯಾದಲ್ಲಿ ಹುಟ್ಟಿದ ರಯಾನ್ ವಿಲಿಯಮ್ಸ್, ಅವರ ತಾಯಿ ಮುಂಬೈ ಮೂಲದವರು, 2025ರಲ್ಲಿ ಇಲ್ಲಿನ ಪಾಸ್‌ಪೋರ್ಟ್ ಪಡೆದರು. ಇಬ್ಬರೂ ಆಗಲೇ ಬೆಳೆದು ನಿಂತ ಆಟಗಾರರು.

ಮನೆಯ ಸಂಪಾದನೆ, ಓದು, ಯುರೋಪಿನ ಕೆಲಸ ಇವನ್ನೆಲ್ಲ ತೂಗಿ ನೋಡುವವರು ನೀವು. ಅದರಲ್ಲಿ ನಾನು ಬಾಯಿ ಹಾಕಲಾರೆ. ಆದರೆ ಹುಡುಗನಿಗೆ ಹೇಳದೆ ಮಾಡಿಸಬೇಡಿ. ಇಂಥ ಮನೆಗಳ ಒಳ್ಳೆ ಆಟಗಾರರು, ಕ್ಯಾಂಪ್‌ಗೆ ಹೆಸರು ಬಂದಾಗಲೇ ತಾವು ಇಂಡಿಯಾಕ್ಕೆ ಆಡುವಂತಿಲ್ಲ ಅಂತ ತಿಳಿದುಕೊಂಡದ್ದನ್ನು ಕಂಡಿದ್ದೇನೆ. ಅವರನ್ನು ಸಮಾಧಾನ ಮಾಡಲು ನನ್ನ ಹತ್ತಿರ ಮಾತು ಇರಲಿಲ್ಲ. ಅಪ್ಪ ಅಮ್ಮ ಇಬ್ಬರೂ ಕೂತು, ನಿಯಮ ಹೀಗಿದೆ ಅಂತ ಅವನಿಗೆ ವಿವರವಾಗಿ ಹೇಳಿ. ಹದಿನೆಂಟು ತುಂಬುವವರೆಗೆ ಕಾಯಲು ಆದರೆ ಕಾಯಿರಿ.

ಪ್ರಶ್ನೆ: ಮಗಳಿಗೆ 11 ವರ್ಷ. ಮಡಗಾಂವ್‌ನಲ್ಲಿ ಗಂಡುಹುಡುಗರ ಜೊತೆ ಆಡುತ್ತಾಳೆ. ಅತ್ತೆಯವರು ನಿಲ್ಲಿಸು ಅನ್ನುತ್ತಿದ್ದಾರೆ. ಹುಡುಗಿಯರಿಗೆ ಇದರಲ್ಲಿ ಮುಂದೆ ದಾರಿ ಇದೆಯಾ ಸರ್?

ಉತ್ತರ: ಇದೆ ತಾಯಿ, ಮತ್ತು ಅವರಿಗೆ ದಾರಿ ಹುಡುಗರಿಗಿಂತ ಬೇಗ ತೆರೆಯುತ್ತದೆ. 2022ರಲ್ಲಿ ಹುಡುಗಿಯರ 17 ವರ್ಷದೊಳಗಿನ ವಿಶ್ವಕಪ್ ಫಾತೋರ್ಡಾ, ಭುವನೇಶ್ವರ, ನವಿ ಮುಂಬೈನಲ್ಲಿ ನಡೆಯಿತು. ಅಲ್ಲಿ ಕೊಲಂಬಿಯಾಕ್ಕೆ ಆಡಿದ ಲಿಂಡಾ ಕೈಸೆಡೊ ಮುಂದಿನ ವರ್ಷವೇ ಹಿರಿಯರ ವಿಶ್ವಕಪ್‌ನಲ್ಲಿ ಗೋಲು ಹೊಡೆದಳು. ಸ್ಪೇನ್‌ನ ವಿಕಿ ಲೋಪೆಜ್ ಕೂಡ ಇಲ್ಲಿ ಚಿನ್ನದ ಚೆಂಡು ಗೆದ್ದು ಹಿರಿಯರ ತಂಡ ಸೇರಿದಳು. ನಮ್ಮ ಹೆಣ್ಣುಮಕ್ಕಳ ತಂಡ 2025ರಲ್ಲಿ ಥಾಯ್ಲೆಂಡನ್ನು ಅವರ ನೆಲದಲ್ಲೇ ಸೋಲಿಸಿ ಏಷ್ಯನ್ ಕಪ್‌ಗೆ ಅರ್ಹತೆ ಪಡೆಯಿತು.

ಗಂಡುಹುಡುಗರ ಜೊತೆ ಆಡುವುದು ಈ ವಯಸ್ಸಿನಲ್ಲಿ ಅವಳಿಗೆ ಬಹಳ ಒಳ್ಳೆಯದು. ಅತ್ತೆಯವರನ್ನು ಒಂದು ಭಾನುವಾರ ಮೈದಾನಕ್ಕೆ ಕರೆದುಕೊಂಡು ಹೋಗಿ, ನೆರಳಲ್ಲಿ ಕುರ್ಚಿ ಹಾಕಿ ಕೂರಿಸಿ, ಮೊಮ್ಮಗಳ ಆಟ ತೋರಿಸಿ. ಮಗಳಿಗೆ ಕಾಲಿಗೆ ಸರಿಯಾಗಿ ಕೂರುವ ಬೂಟು ಕೊಡಿಸಿ. ಬೆಳೆಯುತ್ತಾಳೆ ಅಂತ ಒಂದು ಸೈಜ್ ದೊಡ್ಡದು ತರಬೇಡಿ, ಉಗುರು ಹೋಗುತ್ತದೆ.